ಆಸ್ಪತ್ರೆ, ಡಾಕ್ಟ್ರು, ಮಾತ್ರೆ: ಯಾರ ಲಗಾಮು ಯಾರ ಕೈಲಿ, ಅವರ ಸಂಬಳ ಎಲ್ಲಿಂದ ಅಂತ ಪತ್ತೆ ಹಚ್ಚೋದು ಹೇಗೆ

ನಮ್ಮ ಚಿಕ್ಕಮ್ಮಂಗೆ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆದಾಗ ಬಿಲ್ಲಲ್ಲಿ ಕನ್ಸ್ಯೂಮಬಲ್ಸ್ (ಗ್ಲೌಸ್ ಥರ ಬಳಸಿ ಬಿಸಾಕೋ ಸಾಮಾನು) ಅಂತ ಒಂದೇ ಒಂದು ಸಾಲು, ಅದರ ಮುಂದೆ 38 ಸಾವಿರ. ಏನಮ್ಮ ಇದು ಅಂದ್ರೆ ಕೌಂಟರ್ ಹುಡುಗಿ ಸಿಸ್ಟಮ್ಮಲ್ಲಿ ಹಂಗೇ ಬರತ್ತೆ ಸಾರ್ ಅಂದ್ಳು. ಚಿಕ್ಕಪ್ಪ ರಿಟೈರ್ಡ್ ಮೇಷ್ಟ್ರು, ಸುಮ್ನೆ ಬಿಡೋ ಆಸಾಮಿ ಅಲ್ಲ, ನನ್ನ ಕೈಲಿ ಲೆಟರ್ ಬರೆಸಿ ಒಂದೇ ದಿನ ಮೂರು ಆಫೀಸಿಗೆ ರಿಜಿಸ್ಟರ್ ಪೋಸ್ಟ್ ಮಾಡಿಸಿದ್ರು. ಎರಡು ಕಡೆಯಿಂದ ಉತ್ತರಾನೇ ಇಲ್ಲ, ಮೂರನೇದ್ರಿಂದ ಎರಡು ತಿಂಗಳಾದ್ಮೇಲೆ ಒಂದು ಸಾಲು ಬಂತು, ಸದರಿ ವಿಷಯವು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ ಅಂತ. ಆಮೇಲೆ ಕೂತು ನೋಡಿದ್ರೆ ತಪ್ಪು ನಮ್ದೇ, ರೇಟಿನ ದೂರನ್ನ ಡಾಕ್ಟ್ರ ನಡತೆ ನೋಡೋರಿಗೆ ಕಳಿಸಿದ್ವಿ, ಅಂಗಡಿ ಲೈಸೆನ್ಸ್ ಕೊಡೋರಿಗೆ ಆಸ್ಪತ್ರೆ ಬಿಲ್ ಕಳಿಸಿದ್ವಿ. ಅವತ್ತಿಂದ ನಾನು ಈ ಇಲಾಖೆ ಪ್ರಾಧಿಕಾರ ಮಂಡಳಿ ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಬರ್ಕೊಳ್ಳೋಕೆ ಶುರು ಮಾಡಿದೆ, ಈಗ ನೆಂಟರಿಷ್ಟರೆಲ್ಲ ಕೇಳ್ತಾರೆ, ಅದಕ್ಕೆ ಒಂದೇ ಸಲ ಬರೆದು ಹಾಕ್ತಿದೀನಿ.

ನಾನು ಇಟ್ಕೊಂಡಿರೋದು ಎರಡೇ ಪ್ರಶ್ನೆ. ಲೈಸೆನ್ಸ್ ಅಥವಾ ರಿಜಿಸ್ಟ್ರೇಷನ್ ಕೊಟ್ಟೋರು ಯಾರು? ಯಾಕಂದ್ರೆ ಕೊಟ್ಟೋರಿಗೆ ಮಾತ್ರ ಕಿತ್ಕೊಳ್ಳೋ ಅಧಿಕಾರ ಇರೋದು. ಎರಡನೇದು, ಆ ಕೊಟ್ಟೋರಿಗೆ ದುಡ್ಡು ಎಲ್ಲಿಂದ ಬರತ್ತೆ? ಯಾಕಂದ್ರೆ ಅವರು ಎಷ್ಟು ಬೇಗ ಓಡಾಡ್ತಾರೆ, ಯಾರ ಹಂಗಲ್ಲಿದಾರೆ ಅನ್ನೋದು ಅಲ್ಲಿ ಗೊತ್ತಾಗತ್ತೆ.

ಮೊದಲು ನಿಮ್ಮ ದೂರನ್ನ ಬಿಡಿಸ್ಕೊಳ್ಳಿ

ನಮ್ಮ ತಲೇಲಿ ಎಲ್ಲ ಸೇರಿ ‘ಆಸ್ಪತ್ರೆ ಮೋಸ’ ಅಂತ ಒಂದೇ ಗಂಟಾಗಿರತ್ತೆ. ಕಾನೂನಲ್ಲಿ ಹಂಗಿಲ್ಲ. ಕಟ್ಟಡ ಬೇರೆ, ಒಳಗಿರೋ ಮನುಷ್ಯ ಬೇರೆ, ಅವರು ಕೊಡೋ ಔಷಧಿ ಬೇರೆ, ಔಷಧಿ ರೇಟು ಇನ್ನೂ ಬೇರೆ, ಇನ್ಶೂರೆನ್ಸು ಪೂರ್ತಿ ಬೇರೆ ಊರು. ಹಿಂಗ್ಯಾಕೆ ಅಂದ್ರೆ ಸಂವಿಧಾನದ ಏಳನೇ ಶೆಡ್ಯೂಲಲ್ಲಿ ಸಾರ್ವಜನಿಕ ಆರೋಗ್ಯ, ಆಸ್ಪತ್ರೆ ಇವು ರಾಜ್ಯದ ಪಟ್ಟೀಲಿವೆ, ಔಷಧಿ ಮತ್ತೆ ವೈದ್ಯ ವೃತ್ತಿ ಎರಡೂ ಕೇಂದ್ರ ರಾಜ್ಯ ಇಬ್ಬರಿಗೂ ಸೇರಿದ ಪಟ್ಟೀಲಿವೆ. ಹಂಗಾಗಿ ಒಂದೇ ಬಿಲ್ಲಿನ ನಾಲ್ಕು ಸಾಲಿಗೆ ನಾಲ್ಕು ಯಜಮಾನರು ಇರಬಹುದು. ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ಮಾತ್ರೆ ಸ್ಟ್ರಿಪ್ಪು ಮೂರೂ ಮುಂದೆ ಇಟ್ಕೊಂಡು ಪೆನ್ನಲ್ಲಿ ಗುರುತು ಹಾಕಿ, ಇದು ಜಾಗದ ತಪ್ಪಾ, ಮನುಷ್ಯನ ತಪ್ಪಾ, ವಸ್ತುವಿನ ತಪ್ಪಾ, ರೇಟಿನ ತಪ್ಪಾ ಅಂತ. ಇಷ್ಟು ಮಾಡಿದ್ರೆ ಅರ್ಧ ಕೆಲಸ ಮುಗೀತು.

ಜಾಗ: ಖಾಸಗಿ ಆಸ್ಪತ್ರೆ, ಕ್ಲಿನಿಕ್ಕು, ಲ್ಯಾಬು

ಕರ್ನಾಟಕದಲ್ಲಿ ಇದಕ್ಕೆ ಕೆಪಿಎಂಇ ಅಂತಾರೆ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರದ್ದು. ಕೇಂದ್ರದ್ದೂ 2010ರಲ್ಲಿ ಒಂದು ಕಾಯ್ದೆ ಬಂತು, ಆದ್ರೆ ನಮ್ಮಲ್ಲಿ ಮೊದಲೇ ನಮ್ದು ಇದ್ದಿದ್ದರಿಂದ ಅದನ್ನ ತಗೊಳ್ಳಲಿಲ್ಲ, ಹಂಗಾಗಿ ನೆಟ್ಟಲ್ಲಿ ಬೇರೆ ರಾಜ್ಯದೋರು ಬರೆದಿರೋದನ್ನ ಓದಿ ಕ್ಲಿನಿಕಲ್ ಎಸ್ಟಾಬ್ಲಿಶ್‌ಮೆಂಟ್ ಆಕ್ಟ್ ಪ್ರಕಾರ ಅಂತ ಲೆಟರ್ ಶುರು ಮಾಡ್ಬೇಡಿ, ಅಲ್ಲೇ ಬಿದ್ದೋಗತ್ತೆ. ಇಲ್ಲಿ ರಿಜಿಸ್ಟ್ರೇಷನ್ ಕೊಡೋದು ಜಿಲ್ಲಾ ಮಟ್ಟದ ಪ್ರಾಧಿಕಾರ. ಅಧ್ಯಕ್ಷರು ಡಿಸಿ, ಸದಸ್ಯ ಕಾರ್ಯದರ್ಶಿ ಡಿಎಚ್‌ಓ, ಅಂದ್ರೆ ಜಿಲ್ಲಾ ಆರೋಗ್ಯಾಧಿಕಾರಿ. 2017ರ ತಿದ್ದುಪಡಿ ಆದ್ಮೇಲೆ ಇದೇ ಪ್ರಾಧಿಕಾರಕ್ಕೆ ದೂರು ಕೇಳೋ ಕೆಲಸಾನೂ ಕೊಟ್ಟಿದಾರೆ. ದರಪಟ್ಟಿ ಹಾಕಿಲ್ಲ, ಎಮರ್ಜೆನ್ಸಿಲಿ ಮೊದಲು ಅಡ್ವಾನ್ಸ್ ಕಟ್ಟಿ ಅಂದ್ರು, ಬಿಲ್ ಬಾಕಿ ಇದೆ ಅಂತ ಹೆಣ ಕೊಡಲಿಲ್ಲ, ಇಂಥದ್ದೆಲ್ಲ ಇಲ್ಲಿಗೆ. ಆದ್ರೆ ಡಾಕ್ಟ್ರ ನಿರ್ಲಕ್ಷ್ಯ ಅಂತ ದೂರಿದ್ರೆ ಅದು ಮೆಡಿಕಲ್ ಕೌನ್ಸಿಲ್ ಕೆಲಸ, ಇವರು ಅಲ್ಲಿಗೆ ದಾಟಿಸ್ತಾರೆ.

ಆ 2017ರ ತಿದ್ದುಪಡಿ ಹೊತ್ತಲ್ಲಿ ಏನಾಯ್ತು ಅಂತ ನೆನಪಿರಬೇಕು, ನವೆಂಬರ್‌ನಲ್ಲಿ ಬೆಳಗಾವಿ ಅಧಿವೇಶನ ನಡೀತಿರೋವಾಗ ಖಾಸಗಿ ಡಾಕ್ಟ್ರುಗಳೆಲ್ಲ ಬಾಗಿಲು ಹಾಕ್ಕೊಂಡು ಮುಷ್ಕರ ಕೂತ್ರು, ರಮೇಶ್ ಕುಮಾರ್ ಆಗ ಆರೋಗ್ಯ ಮಂತ್ರಿ, ಕೊನೆಗೆ ಬಿಲ್ಲು ಪಾಸಾಯ್ತು ಆದ್ರೆ ಮೊದಲಿದ್ದ ಖಾರ ಉಳೀಲಿಲ್ಲ. ಸರ್ಕಾರಿ ಆಸ್ಪತ್ರೇನೂ ಇದೇ ಕಾಯ್ದೆ ಕೆಳಗೆ ತನ್ನಿ ಅಂತ ಡಾಕ್ಟ್ರು ಕೇಳಿದ್ರು, ಅದೊಂದು ಮಾತ್ರ ನನಗೂ ನ್ಯಾಯ ಅನ್ನಿಸ್ತು, ಅದೂ ಆಗಲಿಲ್ಲ. ಹಂಗಾಗಿ ಸರ್ಕಾರಿ ಆಸ್ಪತ್ರೆ ಬಗ್ಗೆ ಕೆಪಿಎಂಇಗೆ ಬರೆದು ಉಪಯೋಗ ಇಲ್ಲ. ಅದರಲ್ಲೂ ಒಂದು ಕಿತಾಪತಿ ಇದೆ: ತಾಲೂಕು ಆಸ್ಪತ್ರೆ, ಪಿಎಚ್‌ಸಿ ಎಲ್ಲ ಆರೋಗ್ಯ ಇಲಾಖೆ, ಆದ್ರೆ ಮೆಡಿಕಲ್ ಕಾಲೇಜಿಗೆ ಸೇರಿದ ಸರ್ಕಾರಿ ಆಸ್ಪತ್ರೆ ವೈದ್ಯಕೀಯ ಶಿಕ್ಷಣ ಇಲಾಖೆ, ಮಂತ್ರಿನೂ ಬೇರೆ. ಬೆಂಗಳೂರಲ್ಲಿ ಕೆ.ಸಿ. ಜನರಲ್ ಒಂದು ಕಡೆ, ವಿಕ್ಟೋರಿಯಾ ಇನ್ನೊಂದು ಕಡೆ. ಎಲ್ಲಿಗೆ ಅಂತ ಗೊತ್ತಾಗದೆ ಇದ್ರೆ 1902ಕ್ಕೆ ಫೋನ್ ಮಾಡಿ ಜನಸ್ಪಂದನದಲ್ಲಿ ದೂರು ದಾಖಲಿಸಿ, ನಂಬರ್ ಕೊಡ್ತಾರೆ, ಆ ನಂಬರ್ ಇಟ್ಕೊಂಡು ಹಿಂದೆ ಬೀಳಬಹುದು.

ಆಸ್ಪತ್ರೆ ಒಳಗೇ ಇನ್ನೂ ಸಣ್ಣಪುಟ್ಟ ಯಜಮಾನರಿದಾರೆ. ಎಕ್ಸ್‌ರೇ, ಸಿಟಿ ಮಷೀನಿನ ವಿಕಿರಣ ಸುರಕ್ಷತೆ ಮುಂಬೈನ ಅಣುಶಕ್ತಿ ನಿಯಂತ್ರಣ ಮಂಡಳಿ, ಎಇಆರ್‌ಬಿ ಅಂತಾರಲ್ಲ ಅದು, 1983ರಲ್ಲಿ ಶುರುವಾಗಿದ್ದು. ಆಸ್ಪತ್ರೆ ಹಿಂದಿನ ತಿಪ್ಪೇಲಿ ಸೂಜಿ, ಬ್ಯಾಂಡೇಜ್ ಬಿದ್ದಿದ್ರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, 2016ರ ಜೈವಿಕ ತ್ಯಾಜ್ಯ ನಿಯಮ. ಸ್ಕ್ಯಾನಿಂಗಲ್ಲಿ ಗಂಡೋ ಹೆಣ್ಣೋ ಹೇಳಿದ್ರೆ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ಜಿಲ್ಲಾ ಸಕ್ಷಮ ಪ್ರಾಧಿಕಾರ. ಮತ್ತೆ ಗೋಡೆ ಮೇಲೆ ನೇತಾಕಿರೋ ಎನ್‌ಎಬಿಎಚ್ ಸರ್ಟಿಫಿಕೇಟ್ ನೋಡಿ ಅವರೇ ಸರ್ಕಾರದ ಕಂಟ್ರೋಲು ಅನ್ಕೋಬೇಡಿ. ಅದು ಆಸ್ಪತ್ರೆ ತಾನಾಗೇ ಫೀಸು ಕಟ್ಟಿ ತಗೊಳ್ಳೋ ಗುಣಮಟ್ಟದ ಮಾನ್ಯತೆ, ಲೈಸೆನ್ಸ್ ಅಲ್ಲ. ಅದು ಹೋದ್ರೂ ಆಸ್ಪತ್ರೆ ನಡೀತಾನೇ ಇರತ್ತೆ.

ಮನುಷ್ಯ: ಡಾಕ್ಟ್ರು

ಇದು ಕರ್ನಾಟಕ ಮೆಡಿಕಲ್ ಕೌನ್ಸಿಲ್. ಕೆಎಂಸಿ ಅಂತ ಬೋರ್ಡಲ್ಲಿ ನಂಬರ್ ಹಾಕಿರ್ತಾರಲ್ಲ ಅದು ಇದೇ, ನಮ್ಮ ದಕ್ಷಿಣ ಕನ್ನಡದ ಕಡೆಯೋರು ಕೆಎಂಸಿ ಅಂದ್ರೆ ಮಣಿಪಾಲದ ಕಸ್ತೂರ್ಬಾ ಅನ್ಕೋತಾರೆ, ಅದಲ್ಲ. ಪ್ರಿಸ್ಕ್ರಿಪ್ಷನ್ ಚೀಟೀಲಿ ಡಾಕ್ಟ್ರು ರಿಜಿಸ್ಟ್ರೇಷನ್ ನಂಬರ್ ಹಾಕಲೇಬೇಕು ಅಂತ 2002ರ ನಡತೆ ನಿಯಮಗಳಲ್ಲೇ ಇದೆ. ಆ ನಂಬರ್ ಮೊದಲು ಬರ್ಕೊಳ್ಳಿ. ಅದೇ ನಿಯಮದಲ್ಲಿ ಇನ್ನೊಂದು ಬಂಗಾರದಂಥ ಸಾಲಿದೆ, ರೋಗಿ ಕೇಳಿದ್ರೆ ಮೆಡಿಕಲ್ ರೆಕಾರ್ಡ್ಸ್ 72 ಗಂಟೆ ಒಳಗೆ ಕೊಡಬೇಕು. ದೂರು ಕೊಡೋ ಮುಂಚೇನೇ ಕೇಸ್ ಶೀಟು ಪೂರ್ತಿ ಬೇಕು ಅಂತ ಬರವಣಿಗೇಲಿ ಕೇಳಿ, ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ. ದೂರು ಹೋದ್ಮೇಲೆ ಕೇಳಿದ್ರೆ ಫೈಲು ಮೇಡಂ ಹತ್ರ ಇದೆ, ಮೇಡಂ ರಜೆ ಅಂತ ಶುರುವಾಗತ್ತೆ.

ಕೌನ್ಸಿಲ್ ಏನು ಮಾಡಬಹುದು? ಎಚ್ಚರಿಕೆ ಕೊಡಬಹುದು, ರಿಜಿಸ್ಟರಿಂದ ಸ್ವಲ್ಪ ಕಾಲ ಅಥವಾ ಕಾಯಂ ಹೆಸರು ತೆಗೀಬಹುದು. ನಿಮಗೆ ಒಂದು ರೂಪಾಯಿ ಪರಿಹಾರ ಕೊಡಿಸೋಕಾಗಲ್ಲ. ದುಡ್ಡು ಬೇಕು ಅಂದ್ರೆ ಜಿಲ್ಲಾ ಗ್ರಾಹಕ ಆಯೋಗ, 1995ರಲ್ಲಿ ಸುಪ್ರೀಂ ಕೋರ್ಟು ದುಡ್ಡು ಕೊಟ್ಟು ಪಡೆಯೋ ಚಿಕಿತ್ಸೆನೂ ‘ಸೇವೆ’ನೇ ಅಂತ ತೀರ್ಪು ಕೊಟ್ಟಿದೆ, ನೀವು ಕಟ್ಟಿದ ದುಡ್ಡು 5 ಲಕ್ಷದೊಳಗಿದ್ರೆ ಅಲ್ಲಿ ಫೀಸೂ ಇಲ್ಲ. ಎರಡೂ ಕಡೆ ಒಟ್ಟಿಗೇ ಹೋಗಬಹುದು.

ಕೌನ್ಸಿಲ್ ಮೇಲೆ ದಿಲ್ಲೀಲಿ ಎನ್‌ಎಂಸಿ, ರಾಷ್ಟ್ರೀಯ ವೈದ್ಯಕೀಯ ಆಯೋಗ. ಮೊದಲು ಎಂಸಿಐ, ಭಾರತೀಯ ವೈದ್ಯಕೀಯ ಮಂಡಳಿ ಅಂತಿತ್ತು, 2010ರಲ್ಲಿ ಅದರ ಅಧ್ಯಕ್ಷರನ್ನೇ ಸಿಬಿಐ ಹಿಡೀತು, ಆಮೇಲೆ ಎಳೆದಾಡಿ 2019ರಲ್ಲಿ ಹೊಸ ಕಾಯ್ದೆ ಮಾಡಿ 2020ರ ಸೆಪ್ಟೆಂಬರ್ 25ಕ್ಕೆ ಇದನ್ನ ಕೂರಿಸಿದ್ರು. 33 ಜನ ಸದಸ್ಯರು, ಕೆಳಗೆ ನಾಲ್ಕು ಬೋರ್ಡು: ಎಂಬಿಬಿಎಸ್‌ಗೊಂದು, ಪಿಜಿಗೊಂದು, ಕಾಲೇಜು ಇನ್‌ಸ್ಪೆಕ್ಷನ್ ಮತ್ತೆ ರೇಟಿಂಗಿಗೊಂದು, ನಡತೆ ಮತ್ತೆ ರಿಜಿಸ್ಟ್ರೇಷನ್‌ಗೊಂದು. ಹಳೇ ಎಂಸಿಐಲಿ ಡಾಕ್ಟ್ರುಗಳು ವೋಟ್ ಹಾಕಿ ಆರಿಸೋರು ಜಾಸ್ತಿ ಇದ್ರು, ಇಲ್ಲಿ ಹೆಚ್ಚುಕಮ್ಮಿ ಎಲ್ಲ ನೇಮಕ. ಅದರಿಂದ ಲಂಚ ನಿಲ್ತಾ ಅಂದ್ರೆ, 2025ರಲ್ಲಿ ಕಾಲೇಜು ಇನ್‌ಸ್ಪೆಕ್ಷನ್ ವಿಚಾರದಲ್ಲೇ ಮತ್ತೆ ಸಿಬಿಐ ಕೇಸು ಹಾಕಿ ಡಾಕ್ಟ್ರುಗಳನ್ನ ಬಂಧಿಸಿದೆ, ನೀವೇ ಲೆಕ್ಕ ಹಾಕಿ. ನಮಗೆ ನಿಮಗೆ ತಾಗೋ ವಿಚಾರ ಇನ್ನೊಂದಿದೆ. ಹೊಸ ಕಾಯ್ದೇಲಿ, ರಾಜ್ಯ ಕೌನ್ಸಿಲ್ ಕ್ರಮದ ವಿರುದ್ಧ ಮೇಲೆ ಅಪೀಲ್ ಹೋಗಬಹುದಾದೋರು ಯಾರು ಅಂತ ಬರೆದಿರೋ ಕಡೆ ನೊಂದ ‘ವೈದ್ಯ’ ಅಂತ ಮಾತ್ರ ಇದೆ, ರೋಗಿ ಅನ್ನೋ ಪದಾನೇ ಇಲ್ಲ. ಅದಕ್ಕೇ ಕೆಳಗಿನ ಕೌನ್ಸಿಲ್‌ಗೆ ಕೊಡೋ ದೂರನ್ನೇ ಗಟ್ಟಿಯಾಗಿ ಕೊಡಿ, ಆಮೇಲೆ ದಿಲ್ಲೀಲಿ ನೋಡ್ಕೊಳ್ಳೋಣ ಅನ್ಬೇಡಿ.

ಡೆಂಟಿಸ್ಟು, ನರ್ಸು, ಫಾರ್ಮಸಿಸ್ಟು, ಆಯುರ್ವೇದ, ಹೋಮಿಯೋಪತಿ ಎಲ್ಲಕ್ಕೂ ಇದೇ ಥರ ಬೇರೆ ಬೇರೆ ಕೌನ್ಸಿಲ್ಲು, ಬೋರ್ಡು ಇವೆ, ರಿಜಿಸ್ಟ್ರೇಷನ್ ನಂಬರ್ ಯಾರದ್ದೋ ದೂರೂ ಅಲ್ಲಿಗೇ. ನಂಬರೇ ಇಲ್ಲದ ಡಾಕ್ಟ್ರು ಆದ್ರೆ? ಅವನ ಮೇಲೆ ಕೌನ್ಸಿಲ್‌ಗೆ ಹಿಡಿತಾನೇ ಇಲ್ಲ, ಹೆಸರು ತೆಗೆಯೋಕೆ ಹೆಸರು ಇರಬೇಕಲ್ಲ. ನೇರ ಡಿಎಚ್‌ಓ ಮತ್ತೆ ಪೊಲೀಸು.

ವಸ್ತು: ಸ್ಟ್ರಿಪ್ಪನ್ನ ಹಿಂದೆ ತಿರುಗಿಸಿ

ಇದು ನನಗೆ ಇಷ್ಟದ ಭಾಗ, ಸ್ವಲ್ಪ ಉದ್ದ ಆಗತ್ತೆ.

1940ರ ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಕಾಯ್ದೆ ಒಂದೇ, ಇಡೀ ದೇಶಕ್ಕೆ. ಆದ್ರೆ ಅದನ್ನ ನಡೆಸೋರು ಇಬ್ಬರು. ದಿಲ್ಲೀಲಿ ಸಿಡಿಎಸ್‌ಸಿಓ, ಅಂದ್ರೆ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ, ಅದರ ತಲೆ ಡಿಸಿಜಿಐ, ಅಂದ್ರೆ ದೇಶದ ಔಷಧ ಮಹಾನಿಯಂತ್ರಕರು. ಹೊಸ ಔಷಧಿಗೆ ಒಪ್ಪಿಗೆ, ಕ್ಲಿನಿಕಲ್ ಟ್ರಯಲ್, ವಿದೇಶದಿಂದ ಬರೋ ಔಷಧಿ ಅವರದ್ದು. ಫ್ಯಾಕ್ಟರೀಲಿ ತಯಾರು ಮಾಡೋಕೆ, ಅಂಗಡೀಲಿ ಮಾರೋಕೆ ಲೈಸೆನ್ಸ್ ಕೊಡೋದು ಬಹುಪಾಲು ಆಯಾ ರಾಜ್ಯದ ಡ್ರಗ್ಸ್ ಕಂಟ್ರೋಲರ್. ಲಸಿಕೆ, ರಕ್ತನಿಧಿ ಥರದ್ದಕ್ಕೆ ಇಬ್ಬರದ್ದೂ ಸಹಿ ಬೇಕು. ವೈದ್ಯಕೀಯ ಉಪಕರಣದಲ್ಲಿ ಅಪಾಯ ಕಮ್ಮಿ ಇರೋ ಎ, ಬಿ ವರ್ಗದ್ದನ್ನ ಇಲ್ಲೇ ತಯಾರು ಮಾಡೋಕೆ ರಾಜ್ಯ, ಸಿ, ಡಿಗೆ ಕೇಂದ್ರ.

ಈಗ ಮನೇಲಿರೋ ಒಂದು ಸ್ಟ್ರಿಪ್ ತಗೊಂಡು ಹಿಂದೆ ನೋಡಿ. ತಯಾರಿಕಾ ಲೈಸೆನ್ಸ್ ನಂಬರ್ ಇರತ್ತೆ. ಕೆಟಿಕೆ ಅಂತ ಶುರುವಾದ್ರೆ ಕರ್ನಾಟಕದಲ್ಲಿ ಲೈಸೆನ್ಸ್ ಆಗಿರೋದು. ಬಹಳಷ್ಟು ಸಲ ಅದು ಇರಲ್ಲ, ಹಿಮಾಚಲದ ಬದ್ದಿ ಕಡೆಯದ್ದೋ, ಗುಜರಾತಿನದ್ದೋ, ಉತ್ತರಾಖಂಡದ್ದೋ ಇರತ್ತೆ. ಅಂದ್ರೆ ಆ ಮಾತ್ರೆ ಕಳಪೆ ಅಂತ ಬೆಂಗಳೂರಿನ ಲ್ಯಾಬ್ ಹೇಳಿದ್ರೂ ಫ್ಯಾಕ್ಟರಿಗೆ ಬೀಗ ಹಾಕೋ ಕೈ ಇನ್ನೊಂದು ರಾಜ್ಯದಲ್ಲಿದೆ. 2025ರ ಕೆಮ್ಮಿನ ಸಿರಪ್ ವಿಚಾರ ನೋಡಿದ್ರಲ್ಲ, ಮಕ್ಕಳು ಸತ್ತಿದ್ದು ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ, ಫ್ಯಾಕ್ಟರಿ ಇದ್ದಿದ್ದು ತಮಿಳುನಾಡಿನ ಕಾಂಚೀಪುರಂ ಜಿಲ್ಲೇಲಿ. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಅನ್ನೋ ವಿಷ 48.6 ಪರ್ಸೆಂಟ್ ಇತ್ತು ಅಂತ ಪತ್ತೆ ಮಾಡಿದ್ದು ತಮಿಳುನಾಡಿನ ಲ್ಯಾಬು, ಲೈಸೆನ್ಸ್ ರದ್ದು ಮಾಡಿದ್ದೂ ಅದೇ ರಾಜ್ಯ. ಮಧ್ಯಪ್ರದೇಶದೋರು ಮಾರಾಟ ನಿಲ್ಲಿಸಬಹುದು, ಕೇಸ್ ಹಾಕಿ ಹಿಡ್ಕೊಂಡು ಬರಬಹುದು, ಲೈಸೆನ್ಸ್ ಮುಟ್ಟೋಕಾಗಲ್ಲ.

ನಮ್ಮಲ್ಲೇ 2024ರ ನವೆಂಬರ್, ಡಿಸೆಂಬರ್‌ನಲ್ಲಿ ಬಳ್ಳಾರಿಲಿ ಐದು ಜನ ಬಾಣಂತಿಯರು ಸತ್ರು, ಡ್ರಿಪ್ ಹಾಕೋ ರಿಂಗರ್ ಲ್ಯಾಕ್ಟೇಟ್ ಮೇಲೆ ಅನುಮಾನ ಬಂತು, ರಾಜ್ಯದ ಡ್ರಗ್ಸ್ ಕಂಟ್ರೋಲರ್ ಸಸ್ಪೆಂಡ್ ಆದ್ರು. ಆ ದ್ರಾವಣ ತಯಾರಾಗಿದ್ದು ಪಶ್ಚಿಮ ಬಂಗಾಳದಲ್ಲಿ, ಖರೀದಿ ಮಾಡಿದ್ದು ರಾಜ್ಯದ ವೈದ್ಯಕೀಯ ಸರಬರಾಜು ನಿಗಮ. ಇಲ್ಲಿ ತಿಳ್ಕೋಬೇಕಾದ ನಿಯಮ ಏನಂದ್ರೆ, ರಾಜ್ಯದ ಲ್ಯಾಬ್ ಕಳಪೆ ಅಂದ್ರೆ ಕಂಪನಿ ಅದನ್ನ ಪ್ರಶ್ನೆ ಮಾಡಬಹುದು, ಆಗ ಸ್ಯಾಂಪಲ್ ಕೇಂದ್ರದ ಔಷಧ ಪ್ರಯೋಗಾಲಯಕ್ಕೆ ಹೋಗತ್ತೆ, ಅವರ ರಿಪೋರ್ಟೇ ಕೊನೇ ಮಾತು. ಕೊಂಡ್ಕೊಳ್ಳೋರು, ಟೆಸ್ಟ್ ಮಾಡೋರು, ಲೈಸೆನ್ಸ್ ಕೊಟ್ಟೋರು ಮೂರು ದಿಕ್ಕು.

ನೀವು ಮಾಡಬೇಕಾದ್ದು: ಮಾತ್ರೆ ತಗೊಳ್ಳೋವಾಗ ಬಿಲ್ಲು ಕೇಳಿ, ಬಿಲ್ಲಲ್ಲಿ ಬ್ಯಾಚ್ ನಂಬರ್ ಇರಲಿ. ನಾಲ್ಕು ಮಾತ್ರೆ ಕತ್ತರಿಸಿ ಕೊಡ್ತಾರಲ್ಲ, ಬ್ಯಾಚ್ ನಂಬರ್ ಇರೋ ತುದಿ ಅಂಗಡೀಲೇ ಉಳಿಯತ್ತೆ, ಬಿಲ್ಲಿಲ್ಲದೆ ಇದ್ರೆ ನಿಮ್ಮ ದೂರಿಗೆ ತಲೆಬುಡ ಇರಲ್ಲ. ಅನುಮಾನ ಬಂದ್ರೆ ಆ ಏರಿಯಾದ ಡ್ರಗ್ ಇನ್‌ಸ್ಪೆಕ್ಟರ್‌ಗೆ ಬರೀರಿ, ಅವರು ಅಂಗಡೀಲಿ ಅದೇ ಬ್ಯಾಚಿಂದ ಸ್ಯಾಂಪಲ್ ಎತ್ತಬೇಕು. ಇನ್ನೊಂದು ದಾರಿ ಇದೆ, ಇದು ಬಹಳ ಜನಕ್ಕೆ ಗೊತ್ತೇ ಇಲ್ಲ, ಕೊಂಡ್ಕೊಂಡ ಯಾರೇ ಆದ್ರೂ ಅದೇ 1940ರ ಕಾಯ್ದೆಯ 26ನೇ ಸೆಕ್ಷನ್ ಕೆಳಗೆ ಫೀಸ್ ಕಟ್ಟಿ ಆ ಔಷಧೀನ ಸರ್ಕಾರಿ ಅನಲಿಸ್ಟ್ ಹತ್ರ ತಾವೇ ಟೆಸ್ಟ್ ಮಾಡಿಸಬಹುದು, ಸಹಿ ಹಾಕಿದ ರಿಪೋರ್ಟ್ ಕೈಗೇ ಬರತ್ತೆ. ಔಷಧಿ ಸರಿಯಾಗೇ ಇದ್ದು ನಿಮಗೆ ಅಡ್ಡ ಪರಿಣಾಮ ಆಗಿದ್ರೆ ಅದು ದೂರಲ್ಲ, ವರದಿ. 1800 180 3024ಕ್ಕೆ ಹೇಳಿ, ಘಾಜಿಯಾಬಾದ್‌ನಲ್ಲಿ ಅದನ್ನೆಲ್ಲ ಒಟ್ಟು ಹಾಕ್ತಾರೆ.

ಆಯುರ್ವೇದ ಔಷಧಿ ತಯಾರಿಗೆ ಲೈಸೆನ್ಸ್ ಬೇಕು, ಅದನ್ನ ಆಯುಷ್ ಕಡೆಯೋರು ಕೊಡ್ತಾರೆ, ಆದ್ರೆ ಮಾರೋ ಅಂಗಡಿಗೆ ಡ್ರಗ್ ಲೈಸೆನ್ಸೇ ಬೇಡ, ಕಿರಾಣಿ ಅಂಗಡೀಲೂ ಇಡಬಹುದು. ಜಿಮ್ ಹುಡುಗರ ಪ್ರೋಟೀನ್ ಪೌಡರು, ಡಬ್ಬಿ ವಿಟಮಿನ್ನು ಇವುಗಳ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ನಂಬರ್ ಇದ್ರೆ ಕಾನೂನಿನ ಕಣ್ಣಲ್ಲಿ ಅದು ಔಷಧಿನೇ ಅಲ್ಲ, ಆಹಾರ. ದೂರು ಫುಡ್ ಸೇಫ್ಟಿ ಅಧಿಕಾರಿಗೆ.

ರೇಟು ಮತ್ತೆ ಇನ್ಶೂರೆನ್ಸು

ಔಷಧಿ ಗುಣಮಟ್ಟ ಆರೋಗ್ಯ ಸಚಿವಾಲಯ, ಔಷಧಿ ರೇಟು ರಾಸಾಯನಿಕ ಮತ್ತು ರಸಗೊಬ್ಬರ ಸಚಿವಾಲಯ. ಹೌದು, ಯೂರಿಯಾ ನೋಡೋ ಸಚಿವಾಲಯಾನೇ. ಎತ್ತು ಏರಿಗೆಳೀತು ಕೋಣ ನೀರಿಗೆಳೀತು ಅನ್ನೋದು ಇದಕ್ಕೇ. ಅದರ ಕೆಳಗೆ ಎನ್‌ಪಿಪಿಎ, ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ, 1997ರಿಂದ ಇದೆ. ಅಗತ್ಯ ಔಷಧಿ ಪಟ್ಟೀಲಿ ಇರೋದಕ್ಕೆ ಗರಿಷ್ಠ ಬೆಲೆ ಇವರು ಹಾಕ್ತಾರೆ, ಪಟ್ಟೀಲಿ ಇಲ್ಲದ್ದಕ್ಕೆ ವರ್ಷಕ್ಕೆ 10 ಪರ್ಸೆಂಟಿಗಿಂತ ಜಾಸ್ತಿ ಎಂಆರ್‌ಪಿ ಏರಿಸೋ ಹಂಗಿಲ್ಲ. 2017ರ ಫೆಬ್ರವರೀಲಿ ಹೃದಯದ ಸ್ಟೆಂಟಿಗೆ ಬೆಲೆ ಕಟ್ಟಿದ್ದು ಇವರೇ, ಔಷಧಿ ಲೇಪದ್ದಕ್ಕೆ ಆಗ 29,600 ರೂಪಾಯಿ, ಅದಕ್ಕೆ ಮುಂಚೆ ಲಕ್ಷದ ಮೇಲೆ ಬಿಲ್ ಆಗ್ತಿತ್ತು. ಫಾರ್ಮಾ ಸಹಿ ದಾಮ್ ಅಂತ ಅವರ ಆ್ಯಪ್ ಇದೆ, ಔಷಧಿ ಹೆಸರು ಹಾಕಿ ಬೆಲೆ ನೋಡಬಹುದು. ಆದ್ರೆ ಡಾಕ್ಟ್ರ ಫೀಸು, ರೂಮ್ ಬಾಡಿಗೆ, ನರ್ಸಿಂಗ್ ಚಾರ್ಜು ಇದ್ಯಾವುದೂ ಇವರ ಕೈಲಿಲ್ಲ. ಚಿಕ್ಕಮ್ಮನ 38 ಸಾವಿರ ಸಿಕ್ಕಾಕ್ಕೊಂಡಿದ್ದು ಇಲ್ಲೇ. ಐಟಂ ಪ್ರಕಾರ ಬಿಡಿಸಿದ ಬಿಲ್ ಬೇಕು ಅಂತ ಡಿಎಚ್‌ಓ ಆಫೀಸಿಂದ ಕೇಳಿಸಿದ ಮೇಲೆ ಎರಡು ಪೇಜಿನ ಲಿಸ್ಟ್ ಬಂತು, ಅದರಲ್ಲಿ ಒಂದೇ ಗ್ಲೌಸ್ ಬಾಕ್ಸು ಮೂರು ಸಲ, ಆಸ್ಪತ್ರೆಯೋರು ಸ್ವಲ್ಪ ದುಡ್ಡು ವಾಪಸ್ ಕೊಟ್ರು. ಪೂರ್ತಿ ಅಲ್ಲ.

ಇನ್ಶೂರೆನ್ಸ್ ಕ್ಲೇಮ್ ರಿಜೆಕ್ಟ್ ಆದ್ರೆ ಆರೋಗ್ಯ ಇಲಾಖೆಗೆ ಹೋಗಿ ಅಳಬೇಡಿ. ಅದು ಹೈದರಾಬಾದ್‌ನ ಐಆರ್‌ಡಿಎಐ, ಅಂದ್ರೆ ವಿಮಾ ನಿಯಂತ್ರಣ ಪ್ರಾಧಿಕಾರ, ಹಣಕಾಸು ಸಚಿವಾಲಯದ ಕಡೆಯದು. ಮೊದಲು ಕಂಪನಿಗೆ ಲಿಖಿತ ದೂರು, ಅವರು ಇಲ್ಲ ಅಂದ್ರೆ ಅಥವಾ 30 ದಿನ ಸುಮ್ನಿದ್ರೆ ಇನ್ಶೂರೆನ್ಸ್ ಓಂಬುಡ್ಸ್‌ಮನ್, ಅಂದ್ರೆ ವಿಮೆ ದೂರು ಕೇಳಿ ತೀರ್ಮಾನ ಮಾಡೋ ಅಧಿಕಾರಿ, ಬೆಂಗಳೂರಲ್ಲೇ ಇದಾರೆ, ಫೀಸಿಲ್ಲ, ವಕೀಲ ಬೇಡ, 50 ಲಕ್ಷದವರೆಗೆ ಕೇಳ್ತಾರೆ. ಒಂದು ವರ್ಷದೊಳಗೆ ಹೋಗಬೇಕು, ಅದನ್ನ ಮರೀಬೇಡಿ.

ಈಗ ದುಡ್ಡಿನ ಕಥೆ

ಲೈಸೆನ್ಸ್ ಕೊಡೋರೆಲ್ಲ ಫೀಸು ತಗೋತಾರೆ. ಆ ಫೀಸು ಎಲ್ಲಿಗೆ ಹೋಗತ್ತೆ ಅನ್ನೋದರ ಮೇಲೆ ನಾನು ಇವರನ್ನ ಬೇರೆ ಬೇರೆ ಮಾಡ್ತೀನಿ.

ಡ್ರಗ್ಸ್ ಕಂಟ್ರೋಲ್, ಡಿಎಚ್‌ಓ ಆಫೀಸು, ದಿಲ್ಲಿಯ ಸಿಡಿಎಸ್‌ಸಿಓ ಇವು ಸರ್ಕಾರದ ಇಲಾಖೆಗಳು. ಮೆಡಿಕಲ್ ಸ್ಟೋರ್‌ನೋರು ಕಟ್ಟೋ ಲೈಸೆನ್ಸ್ ಫೀಸು ಚಲನ್ ಮೂಲಕ ಖಜಾನೆಗೆ ಹೋಗತ್ತೆ, ಸರ್ಕಾರದ ದೊಡ್ಡ ಹುಂಡಿಗೆ. ಇಲಾಖೆಗೆ ಅದರಲ್ಲಿ ಒಂದು ಪೈಸೆ ನೇರ ಸಿಗಲ್ಲ, ಸಂಬಳ, ಜೀಪಿನ ಡೀಸೆಲ್ಲು, ಲ್ಯಾಬಿನ ಕೆಮಿಕಲ್ಲು ಎಲ್ಲ ಬಜೆಟ್ಟಲ್ಲಿ ಕೊಟ್ಟಷ್ಟೇ. ಹಂಗಾಗಿ ಅಂಗಡಿ ಸಾವಿರ ಹೊಸದಾಗಿ ಬಂದು ಫೀಸು ಜಾಸ್ತಿ ಆದ್ರೂ ಇನ್‌ಸ್ಪೆಕ್ಟರ್ ಹುದ್ದೆ ತಾನಾಗೇ ಹೆಚ್ಚಲ್ಲ, ಹಣಕಾಸು ಇಲಾಖೆ ಒಪ್ಪಬೇಕು. 2003ರಲ್ಲಿ ಔಷಧ ನಿಯಂತ್ರಣ ಹೇಗಿರಬೇಕು ಅಂತ ನೋಡಿದ ಮಾಶೇಲ್ಕರ್ ಸಮಿತಿ 50 ಫ್ಯಾಕ್ಟರಿಗೊಬ್ಬ, 200 ಅಂಗಡಿಗೊಬ್ಬ ಇನ್‌ಸ್ಪೆಕ್ಟರ್ ಬೇಕು ಅಂದಿತ್ತು. ನಿಮ್ಮ ಜಿಲ್ಲೇಲಿ ಎಷ್ಟು ಮೆಡಿಕಲ್ ಸ್ಟೋರ್ ಇವೆ, ಎಷ್ಟು ಇನ್‌ಸ್ಪೆಕ್ಟರ್ ಇದಾರೆ ಅಂತ ಕೇಳಿ ನೋಡಿ, ಕೆಲಸ ಯಾಕೆ ನಿಧಾನ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಮೆಡಿಕಲ್ ಕೌನ್ಸಿಲ್ ಹಂಗಲ್ಲ. ಅದು ಮುಖ್ಯವಾಗಿ ನಡೆಯೋದು ಡಾಕ್ಟ್ರುಗಳು ಕಟ್ಟೋ ರಿಜಿಸ್ಟ್ರೇಷನ್ ಮತ್ತೆ ಐದು ವರ್ಷಕ್ಕೊಮ್ಮೆ ರಿನ್ಯೂವಲ್ ಫೀಸಿಂದ, ಸದಸ್ಯರಲ್ಲೂ ಡಾಕ್ಟ್ರುಗಳೇ ಆರಿಸಿದೋರು ಇರ್ತಾರೆ. ವಕೀಲರ ಬಾರ್ ಕೌನ್ಸಿಲ್ಲೂ ಇದೇ ಥರ, ತಪ್ಪು ಅಂತ ನಾನು ಹೇಳ್ತಿಲ್ಲ, ಸರ್ಕಾರದ ಮುಂದೆ ಕೈ ಚಾಚೋದು ತಪ್ಪತ್ತೆ, ಆದ್ರೆ ತನ್ನ ಓಟುದಾರನಿಗೇ ಶಿಕ್ಷೆ ಕೊಡಬೇಕಾದ ಕುರ್ಚಿ ಅದು ಅಂತ ನೆನಪಿರಲಿ. ಎನ್‌ಎಂಸಿಗೆ ಸ್ವಂತ ನಿಧಿ ಇದೆ, ಕೇಂದ್ರದ ಅನುದಾನ, ಕಾಲೇಜುಗಳು ಕಟ್ಟೋ ಫೀಸು, ದಂಡ ಎಲ್ಲ ಅದಕ್ಕೇ ಬೀಳತ್ತೆ, ಲೆಕ್ಕ ಸಿಎಜಿ (ಕೇಂದ್ರದ ಮಹಾ ಲೆಕ್ಕಪರಿಶೋಧಕರು) ನೋಡತ್ತೆ. ಐಆರ್‌ಡಿಎಐಗೂ ಸ್ವಂತ ನಿಧಿ, ಇನ್ಶೂರೆನ್ಸ್ ಕಂಪನಿಗಳು ಕಟ್ಟೋ ಫೀಸಿಂದ, ಓಂಬುಡ್ಸ್‌ಮನ್ ಖರ್ಚೂ ಕೊನೆಗೆ ಕಂಪನಿಗಳ ಮೇಲೇ ಬೀಳತ್ತೆ. ಮಾಲಿನ್ಯ ಮಂಡಳಿ ಕೈಲಿ ಕನ್ಸೆಂಟ್ ಫೀಸಿನ, ಅಂದ್ರೆ ನಡೆಸೋಕೆ ಒಪ್ಪಿಗೆ ಕೊಡೋವಾಗ ತಗೊಳ್ಳೋ ಫೀಸಿನ, ದುಡ್ಡಿರತ್ತೆ.

ವಿಚಿತ್ರ ಅಂದ್ರೆ ಸ್ಕ್ಯಾನಿಂಗ್ ಸೆಂಟರ್ ಫೀಸು. ಪಿಸಿಪಿಎನ್‌ಡಿಟಿ ನಿಯಮದಲ್ಲಿ 25 ಸಾವಿರ, 35 ಸಾವಿರ ಅಂತ ಎರಡು ಹಂತ ಇದೆ, ಆ ದುಡ್ಡು ಸಕ್ಷಮ ಪ್ರಾಧಿಕಾರದ ಹೆಸರಿನ ಬ್ಯಾಂಕ್ ಖಾತೇಲಿಟ್ಟು ಅದೇ ಕಾಯ್ದೆ ಜಾರಿಗೆ ಮಾತ್ರ ಖರ್ಚು ಮಾಡಬೇಕು ಅಂತ ನಿಯಮದಲ್ಲೇ ಬರೆದಿದೆ. ಅಂದ್ರೆ ಹಣ ಇಲ್ಲ ಅದಕ್ಕೇ ತಪಾಸಣೆ ಮಾಡಿಲ್ಲ ಅಂತ ಇಲ್ಲಿ ನೆಪ ಹೇಳೋಕಾಗಲ್ಲ. ನಾನು ಜನಕ್ಕೆ ಆರ್‌ಟಿಐ ಹಾಕೋದು ಕಲಿಸೋವಾಗ ಯಾವಾಗಲೂ ಇದರಿಂದಾನೇ ಶುರು ಮಾಡಿಸ್ತೀನಿ.

ಬೇರೆ ದೇಶದಲ್ಲಿ ಏನು ಅಂದ್ರೆ, ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ 1992ರಿಂದ ಔಷಧಿ ಕಂಪನಿಗಳೇ ಅರ್ಜಿ ಜೊತೆ ದೊಡ್ಡ ಫೀಸು ಕಟ್ತವೆ, ಈಗ ಅದರ ಬಜೆಟ್ಟಿನ ಹತ್ತತ್ರ ಅರ್ಧ ಅಲ್ಲಿಂದಾನೇ. ಕೆಲಸ ಬೇಗ ಆಯ್ತು, ಜೊತೆಗೇ ಕಂಪನಿ ಹಂಗು ಅನ್ನೋ ಬೈಗುಳಾನೂ ಬಂತು. ನಮ್ಮಲ್ಲಿ ಆ ಹಂಗಿಲ್ಲ, ದುಡ್ಡೂ ಇಲ್ಲ. 2015ರಲ್ಲಿ ಕೇಂದ್ರ ಸಂಪುಟ ಔಷಧ ನಿಯಂತ್ರಣ ಬಲಪಡಿಸೋಕೆ ಅಂತ 1,750 ಕೋಟಿ ಒಪ್ಪಿತು, ಅದರಲ್ಲಿ 850 ಕೋಟಿ ಎಲ್ಲ ರಾಜ್ಯಗಳಿಗೂ ಸೇರಿ. ಹಂಚಿ ನೋಡಿ, ಎಷ್ಟು ಬರತ್ತೆ ಅಂತ.

ಬಜೆಟ್ ಪುಸ್ತಕದಲ್ಲಿ ಹುಡುಕೋದು

ಹೆದರಬೇಡಿ, ಇದು ಕಷ್ಟ ಇಲ್ಲ. ಹಣಕಾಸು ಇಲಾಖೆ ವೆಬ್‌ಸೈಟಲ್ಲಿ ಬೇಡಿಕೆ ಸಂಖ್ಯೆ 22, ಆರೋಗ್ಯ ಮತ್ತು ಕುಟುಂಬ ಕಲ್ಯಾಣ, ಅದರ ಪಿಡಿಎಫ್ ಇಳಿಸ್ಕೊಳ್ಳಿ. 2210 ಅನ್ನೋ ಲೆಕ್ಕ ಶೀರ್ಷಿಕೆ ಹುಡುಕಿ, ಅದು ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯ. ಅದರೊಳಗೆ 06, ಅದರೊಳಗೆ 104, ಇದು ಔಷಧ ನಿಯಂತ್ರಣ, 102 ಆಹಾರ ಕಲಬೆರಕೆ ತಡೆ. ಸಾಲಿನುದ್ದಕ್ಕೂ ಹಿಂದಿನ ವರ್ಷ ನಿಜವಾಗಿ ಖರ್ಚಾಗಿದ್ದು, ಈ ವರ್ಷದ ಅಂದಾಜು, ಪರಿಷ್ಕೃತ ಅಂದಾಜು, ಮುಂದಿನದ್ದು ಅಂತ ಕಾಲಂ ಇರತ್ತೆ. ನೀವು ನೋಡಬೇಕಾದ್ದು ಘೋಷಣೆ ಮಾಡಿದ್ದಲ್ಲ, ಖರ್ಚಾಗಿದ್ದು. ಆಮೇಲೆ ಒಳಗೆ ಸಂಬಳ ಎಷ್ಟು, ಸಾಮಗ್ರಿ ಎಷ್ಟು, ಪ್ರಯಾಣ ಎಷ್ಟು ಅಂತ ಬಿಡಿಬಿಡಿ ನೋಡಿ, ಪ್ರಯಾಣದ ಸಾಲು ಸಣ್ಣದಿದ್ರೆ ಇನ್‌ಸ್ಪೆಕ್ಟರು ಹಳ್ಳಿ ಕಡೆ ಹೋಗೋದು ಅಷ್ಟರಲ್ಲೇ ಇದೆ. ಬಂದ ಫೀಸಿನ ಲೆಕ್ಕ ಇನ್ನೊಂದು ಪುಸ್ತಕದಲ್ಲಿ, ಸ್ವೀಕೃತಿ ಕಡೆ 0210 ಅಂತ ಇರತ್ತೆ.

ಅಲ್ಲಿ ಸಿಗದ್ದಕ್ಕೆ ಆರ್‌ಟಿಐ. ಹತ್ತು ರೂಪಾಯಿ, ಆನ್‌ಲೈನಲ್ಲೂ ಹಾಕಬಹುದು, 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜೀಲಿ ಒಂದೇ ವಿಷಯ, 150 ಪದ ಮೀರಬಾರದು, ನಮ್ಮ ಚಿಕ್ಕಪ್ಪನ ಥರ ಮೂರು ಪೇಜ್ ಪೀಠಿಕೆ ಹಾಕಿದ್ರೆ ವಾಪಸ್ ಬರತ್ತೆ. ಯಾಕೆ ತಪಾಸಣೆ ಮಾಡಿಲ್ಲ ಅಂತ ಕೇಳ್ಬೇಡಿ, ‘ಯಾಕೆ’ಗೆ ಉತ್ತರ ಕೊಡಲ್ಲ. ಕಳೆದ ವರ್ಷ ಮಂಜೂರಾದ ಇನ್‌ಸ್ಪೆಕ್ಟರ್ ಹುದ್ದೆ ಎಷ್ಟು, ಭರ್ತಿಯಾಗಿದ್ದು ಎಷ್ಟು, ಎತ್ತಿದ ಸ್ಯಾಂಪಲ್ ಎಷ್ಟು, ಕಳಪೆ ಬಂದಿದ್ದು ಎಷ್ಟು, ಕೋರ್ಟಿಗೆ ಹಾಕಿದ ಕೇಸ್ ಎಷ್ಟು, ದಾಖಲೆ ಪ್ರತಿ ಕೊಡಿ ಅಂತ ಕೇಳಿ. ಕೆಪಿಎಂಇ ಪ್ರಾಧಿಕಾರಕ್ಕೆ ಆದ್ರೆ ಎಷ್ಟು ಸಲ ಸಭೆ ಸೇರಿದಾರೆ, ನಡಾವಳಿ ಪ್ರತಿ ಕೊಡಿ ಅಂತ. ಡಿಸಿ ಅಧ್ಯಕ್ಷರಾಗಿರೋ ಸಮಿತಿಗಳು ಜಿಲ್ಲೇಲಿ ರಾಶಿ ಇರತ್ತೆ, ಯಾವುದು ಸೇರಿದೆ ಯಾವುದು ಸೇರಿಲ್ಲ ಅಂತ ನಡಾವಳಿ ಪುಸ್ತಕಾನೇ ಹೇಳತ್ತೆ.

ದೂರು ಬರೆಯೋವಾಗ ಮೊದಲ ಪ್ಯಾರಾದಲ್ಲೇ ಮೂರು ನಂಬರ್ ಹಾಕಿ: ರಿಜಿಸ್ಟ್ರೇಷನ್ ಅಥವಾ ಲೈಸೆನ್ಸ್ ನಂಬರ್, ಬಿಲ್ ನಂಬರ್ ತಾರೀಖು ಸಮೇತ, ಔಷಧಿ ಆದ್ರೆ ಬ್ಯಾಚ್ ನಂಬರ್. ಯಾವ ಕಾಯ್ದೆ ಕೆಳಗೆ ಏನು ಕ್ರಮ ಬೇಕು ಅಂತ ಒಂದು ಸಾಲು. ಕಣ್ಣೀರಿನ ಕಥೆ ಬೇಕಿದ್ರೆ ಎರಡನೇ ಪೇಜಲ್ಲಿ ಬರೀರಿ. ಮೂರು ಕಡೆ ಒಂದೇ ಲೆಟರ್ ಕಳಿಸಬೇಡಿ, ಮೂರೂ ಜನ ಇನ್ನೊಬ್ಬರು ನೋಡ್ಕೋತಾರೆ ಅನ್ಕೊಂಡು ಫೈಲ್ ಮುಚ್ತಾರೆ, ಅದನ್ನ ನಾವು ರಿಜಿಸ್ಟರ್ ಪೋಸ್ಟ್ ದುಡ್ಡು ಕೊಟ್ಟು ಕಲ್ತಿದೀವಿ.